ಅಂಕಿ ಅಚ್ಚಾಗುವ ಮೊದಲು ಮೀಟರು ಯಾವುದೆಂದು ಕೇಳಿ

ಮಾನ್ಯ ಸಂಪಾದಕರೆ,

ವಿಕಿರಣ ಎಣಿಸುವ ಅಂಗೈಯಗಲದ ಗೈಗರ್ ಕೌಂಟರ್‌ಗಳು ಈಗ ಆನ್‌ಲೈನ್‌ನಲ್ಲಿ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತವೆ. ಮೊಬೈಲ್ ಟವರಿನ ಬುಡದಲ್ಲಿ, ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ, ಸ್ಕ್ಯಾನಿಂಗ್ ಸೆಂಟರಿನ ಗೋಡೆಯ ಪಕ್ಕದಲ್ಲಿ ಅವನ್ನು ಹಿಡಿದು ತೆಗೆದ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿವೆ. ಪರದೆಯ ಮೇಲಿನ ಅಂಕಿ ಒಮ್ಮೊಮ್ಮೆ ಸುದ್ದಿಯಾಗಿಯೂ ಅಚ್ಚಾಗುತ್ತದೆ, ‘ವಿಕಿರಣ ಪ್ರಮಾಣ 0.25’ ಎಂದಷ್ಟೇ. ಯಾವ ಬಗೆಯ ಮೀಟರು, ಯಾವ ಮಾನ, ಎಷ್ಟು ಹೊತ್ತು ಎಣಿಸಿದ್ದು, ಅಲ್ಲಿಂದ ನೂರು ಹೆಜ್ಜೆ ಆಚೆ ಎಷ್ಟಿತ್ತು ಎಂಬ ಯಾವ ವಿವರವೂ ಇರುವುದಿಲ್ಲ. ಈ ವಿವರಗಳಿಲ್ಲದ 0.25 ನೋಡಿ ಹೆದರುವುದಕ್ಕೂ ಆಧಾರವಿಲ್ಲ, ನಿಶ್ಚಿಂತೆಯಿಂದ ಇರುವುದಕ್ಕೂ ಆಧಾರವಿಲ್ಲ. ಇದಕ್ಕಿಂತ ಅಪಾಯದ್ದು ಸೊನ್ನೆ. ತಪ್ಪು ಮೀಟರು ಹಿಡಿದವರಿಗೆ ನಿಜವಾದ ಅಪಾಯದ ಎದುರಲ್ಲೇ ಸೊನ್ನೆ ಸಿಗಬಹುದು. ಈ ಉಪಕರಣಗಳ ಒಳಗೆ ಏನು ನಡೆಯುತ್ತದೆ, ಅವು ಎಲ್ಲಿ ಕೈಕೊಡುತ್ತವೆ ಎಂಬುದನ್ನು ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೂ ಪ್ರಕಟಿಸಬೇಕೆಂದು ವಿನಂತಿ.

ಗೈಗರ್ ಟ್ಯೂಬ್ ಎಂದರೆ ಒಂದು ಮುಚ್ಚಿದ ಕೊಳವೆ. ನಡುವೆ ತೆಳುವಾದ ತಂತಿ, ಒಳಗೆ ಕಡಿಮೆ ಒತ್ತಡದಲ್ಲಿ ತುಂಬಿದ ನಿಯಾನ್ ಅಥವಾ ಆರ್ಗಾನ್ ಅನಿಲ, ಜೊತೆಗೆ ಚೂರು ಬ್ರೋಮಿನ್ ಇಲ್ಲವೇ ಕ್ಲೋರಿನ್. ತಂತಿಗೂ ಗೋಡೆಗೂ ನಡುವೆ ಟ್ಯೂಬಿನ ಮಾದರಿಗೆ ತಕ್ಕಂತೆ 400ರಿಂದ 900 ವೋಲ್ಟ್. ವಿಕಿರಣದ ಒಂದು ಕಣ ಒಳಹೊಕ್ಕು ಅನಿಲದಿಂದ ಒಂದೇ ಒಂದು ಎಲೆಕ್ಟ್ರಾನನ್ನು ಕಿತ್ತರೂ ಸಾಕು, ಅದು ತಂತಿಯತ್ತ ಧಾವಿಸುತ್ತ ಇನ್ನಷ್ಟನ್ನು ಕೀಳುತ್ತದೆ, ಹೊರಟ ಅತಿನೇರಳೆ ಬೆಳಕು ಉಳಿದ ಅನಿಲದಲ್ಲೂ ಅದನ್ನೇ ಮಾಡುತ್ತದೆ. ಕ್ಷಣಾರ್ಧದಲ್ಲಿ ತಂತಿಯ ಉದ್ದಕ್ಕೂ ವಿದ್ಯುತ್ ಹರಿದು ಒಂದು ‘ಟಿಕ್’ ಕೇಳಿಸುತ್ತದೆ. ಹುಲ್ಲಿನ ಬಣವೆಗೆ ಬಿದ್ದ ಕಿಡಿ ಚಿಕ್ಕದಿರಲಿ ದೊಡ್ಡದಿರಲಿ, ಬಣವೆ ಉರಿಯುವುದು ಒಂದೇ ರೀತಿ, ಇಲ್ಲೂ ಹಾಗೆಯೇ. ಆದ್ದರಿಂದ ಗೈಗರ್ ಟ್ಯೂಬ್ ಎಣಿಸಬಲ್ಲದು, ಬಂದದ್ದರ ಶಕ್ತಿ ಎಷ್ಟೆಂದು ಹೇಳಲಾರದು. ಯಾವ ಧಾತುವಿನಿಂದ ಬಂತೆಂದು ಹೇಳುವುದಂತೂ ಸಾಧ್ಯವೇ ಇಲ್ಲ. ‘ಗೈಗರ್ ಕೌಂಟರ್‌ನಲ್ಲಿ ಯುರೇನಿಯಂ ಪತ್ತೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ತಡೆಯಬೇಕು.

ಹಾಗಿದ್ದರೆ ಪರದೆಯ ಮೇಲೆ ಮೈಕ್ರೋಸೀವರ್ಟ್, ಅಂದರೆ ದೇಹಕ್ಕೆ ತಗಲುವ ವಿಕಿರಣದ ಮಾನ, ಎಲ್ಲಿಂದ ಬಂತು? ಅದು ಅಳೆದದ್ದಲ್ಲ, ಗುಣಿಸಿದ್ದು. ಬರುತ್ತಿರುವುದೆಲ್ಲ ಸೀಸಿಯಂ-137ರ ಗಾಮಾ ಕಿರಣ, ಅಂದರೆ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯದು ಎಂದು ತಯಾರಕರು ಊಹಿಸಿಕೊಂಡು ಒಂದು ಗುಣಕವನ್ನು ಹಾಕಿಟ್ಟಿರುತ್ತಾರೆ. ಕಿರಣ ಒಳಹೋಗಲು ತೆಳುವಾದ ಅಗಲ ಕಿಟಕಿ ಇರುವ ‘ಪ್ಯಾನ್‌ಕೇಕ್’ ಟ್ಯೂಬಿನಲ್ಲಿ ಗಂಟೆಗೆ ಒಂದು ಮೈಕ್ರೋಸೀವರ್ಟ್ ಎಂದರೆ ನಿಮಿಷಕ್ಕೆ ಸುಮಾರು 330 ಎಣಿಕೆ. ಅಗ್ಗದ ಮೀಟರುಗಳಲ್ಲಿ ಬಳಕೆಯಾಗುವ ರಷ್ಯನ್ ಮಾದರಿಯ ಎಸ್‌ಬಿಎಂ-20 ಟ್ಯೂಬಿನಲ್ಲಿ ಅದರ ಅರ್ಧದಷ್ಟು. ಎರಡು ಬೇರೆ ಮೀಟರುಗಳ ‘ನಿಮಿಷಕ್ಕೆ ಇಷ್ಟು ಎಣಿಕೆ’ಯನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದು ಅದಕ್ಕೇ ಅರ್ಥಹೀನ. ಸರಿದೂಗಿಸುವ ಲೋಹದ ಪಟ್ಟಿ ಸುತ್ತಿರದ ಟ್ಯೂಬು 60ರಿಂದ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನ ಕಿರಣಗಳಿಗೆ ಹಲವು ಪಟ್ಟು ಹೆಚ್ಚಾಗಿ ಸ್ಪಂದಿಸುತ್ತದೆ. ಸ್ಕ್ಯಾನಿಂಗ್ ಕೋಣೆಯಿಂದ ಚದುರಿ ಬರುವ ಎಕ್ಸ್-ರೇ ಹೆಚ್ಚಾಗಿ ಈ ಅಂತರದಲ್ಲೇ ಇರುತ್ತದೆ. ಇನ್ನು ಪ್ಯಾನ್‌ಕೇಕ್ ಟ್ಯೂಬಿನ ಕಿಟಕಿಯನ್ನು ಬೀಟಾ (ವೇಗದ ಎಲೆಕ್ಟ್ರಾನ್) ಸೂಸುವ ವಸ್ತುವಿಗೆ ಆನಿಸಿ ಮೈಕ್ರೋಸೀವರ್ಟ್ ಓದಿದರೆ ಆ ಅಂಕಿಗೆ ಯಾವ ಬೆಲೆಯೂ ಇಲ್ಲ. ಅಲ್ಲಿ ಎಣಿಕೆಯನ್ನಷ್ಟೇ ಬರೆದುಕೊಳ್ಳಬೇಕು.

ಹಿನ್ನೆಲೆಯ ಮಾತು. ಮಣ್ಣು, ಬಂಡೆ, ಇಟ್ಟಿಗೆ, ಆಕಾಶ ಎಲ್ಲವುಗಳಿಂದಲೂ ವಿಕಿರಣ ಬರುತ್ತಲೇ ಇರುತ್ತದೆ. ಗ್ರಾನೈಟ್ ಬಂಡೆಗಳ ಮೇಲೆ ಕುಳಿತ ಬೆಂಗಳೂರಿನಂಥ ಊರಲ್ಲಿ ಇಂಥ ಮೀಟರು ಗಂಟೆಗೆ 0.1ರಿಂದ 0.2 ಮೈಕ್ರೋಸೀವರ್ಟ್ ತೋರಿಸುವುದು ಸಹಜ. ಕೇರಳದ ಚವರಾ ತೀರದ, ಥೋರಿಯಂ ಇರುವ ಮೊನಜೈಟ್ ಮರಳಿನ ಮೇಲೆ ಕೆಲವೆಡೆ ಅದು 1ನ್ನೂ ದಾಟುತ್ತದೆ. ಇಲ್ಲಿ ಒಂದು ತಪ್ಪು ಲೆಕ್ಕ ಪದೇ ಪದೇ ಕಾಣುತ್ತದೆ. 0.2ನ್ನು ವರ್ಷದ 8,760 ಗಂಟೆಗಳಿಂದ ಗುಣಿಸಿದರೆ 1,752 ಮೈಕ್ರೋಸೀವರ್ಟ್, ಅಂದರೆ 1.75 ಮಿಲಿಸೀವರ್ಟ್ ಬರುತ್ತದೆ. ಸಾರ್ವಜನಿಕರಿಗೆ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ ಅಲ್ಲವೇ, ಹಾಗಾದರೆ ಮಿತಿ ಮೀರಿದೆ ಎಂದು ಕೂಗೆಬ್ಬಿಸುತ್ತಾರೆ. ಆ 1 ಮಿಲಿಸೀವರ್ಟ್ ಮಿತಿ ಇರುವುದು ರಿಯಾಕ್ಟರ್, ಎಕ್ಸ್-ರೇ ಘಟಕಗಳಂಥ ಮನುಷ್ಯ ಚಟುವಟಿಕೆಗಳಿಂದ ಹಿನ್ನೆಲೆಯ ಮೇಲೆ ಸೇರುವ ಹೆಚ್ಚುವರಿ ಪ್ರಮಾಣಕ್ಕೆ. ನಿಸರ್ಗದ್ದು ಅದರಲ್ಲಿ ಸೇರಿಲ್ಲ. ಜಗತ್ತಿನ ಸರಾಸರಿ ನೈಸರ್ಗಿಕ ಪ್ರಮಾಣವೇ ವರ್ಷಕ್ಕೆ 2.4 ಮಿಲಿಸೀವರ್ಟ್.

ಹಿನ್ನೆಲೆ ಒಂದೆಡೆ ನಿಲ್ಲುವುದೂ ಇಲ್ಲ. ನಿಮಿಷಕ್ಕೆ 20 ಎಣಿಕೆ ಬಂದರೆ ಅದರಲ್ಲಿ ಸಹಜ ಏರಿಳಿತವೇ 20ರ ವರ್ಗಮೂಲದಷ್ಟು, ಅಂದರೆ ನಾಲ್ಕೂವರೆ. ಏನೂ ಬದಲಾಗದಿದ್ದರೂ ಒಂದು ನಿಮಿಷ 12, ಮುಂದಿನ ನಿಮಿಷ 28 ಬರುವುದರಲ್ಲಿ ವಿಶೇಷವಿಲ್ಲ. ಹತ್ತು ನಿಮಿಷ ಎಣಿಸಿ 200 ಕೂಡಿಸಿದರೆ ಅನಿಶ್ಚಿತತೆ ಶೇ 7ಕ್ಕೆ ಇಳಿಯುತ್ತದೆ. ಶೇ 1ರ ನಿಖರತೆ ಬೇಕೆಂದರೆ 10,000 ಎಣಿಕೆ ಕಾಯಬೇಕು. ವಿಡಿಯೊದಲ್ಲಿ ಐದು ಸೆಕೆಂಡು ಮಿನುಗಿದ ಗರಿಷ್ಠ ಅಂಕಿಯನ್ನು ಶೀರ್ಷಿಕೆ ಮಾಡುವವರು ಈ ವರ್ಗಮೂಲವನ್ನೊಮ್ಮೆ ನೆನೆಯಬೇಕು. ಮಳೆಗಾಲದಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿರುವ ರೇಡಾನ್ ಅನಿಲ ವಿಘಟಿಸಿ ಹುಟ್ಟುವ ಸೀಸ-214, ಬಿಸ್ಮತ್-214 ಮಳೆಹನಿಯೊಂದಿಗೆ ನೆಲಕ್ಕಿಳಿಯುತ್ತವೆ. ಜೋರು ಮಳೆ ನಿಂತ ಕೂಡಲೇ ಕಾರಿನ ಬಾನೆಟ್ಟನ್ನು ಒಣ ಟಿಶ್ಯೂ ಕಾಗದದಿಂದ ಒರೆಸಿ ಅದನ್ನು ತೆಳು ಕಿಟಕಿಯ ಟ್ಯೂಬಿಗೆ ಹಿಡಿದರೆ ಎಣಿಕೆ ಸ್ಪಷ್ಟವಾಗಿ ಏರುತ್ತದೆ. ಇವುಗಳ ಅರ್ಧಾಯು, ಅಂದರೆ ಅರ್ಧ ಭಾಗ ವಿಘಟಿಸಲು ಬೇಕಾದ ಸಮಯ, 27 ಮತ್ತು 20 ನಿಮಿಷ. ಎರಡು-ಮೂರು ಗಂಟೆ ಬಿಟ್ಟು ಅದೇ ಕಾಗದವನ್ನು ಮತ್ತೆ ಹಿಡಿದರೆ ಹೆಚ್ಚುವರಿ ಎಣಿಕೆ ಬಹುತೇಕ ಮಾಯ. ಶಾಲಾ-ಕಾಲೇಜುಗಳ ಭೌತವಿಜ್ಞಾನ ಅಧ್ಯಾಪಕರು ಇದನ್ನು ಮಾಡಿಸಿ ತೋರಿಸಬೇಕು; ಖರ್ಚಿಲ್ಲ, ಅಪಾಯವಿಲ್ಲ, ಅರ್ಧಾಯು ಎಂದರೇನೆಂದು ಮಕ್ಕಳು ತಾವೇ ಗ್ರಾಫ್ ಹಾಳೆಯ ಮೇಲೆ ಎಳೆಯುತ್ತಾರೆ.

ಮೊಬೈಲ್ ಟವರಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ. ಟವರಿನ ರೇಡಿಯೊ ತರಂಗಕ್ಕೆ ಎಲೆಕ್ಟ್ರಾನನ್ನು ಕಿತ್ತು ಹಾಕುವ ಶಕ್ತಿ ಇಲ್ಲ, ಆದ್ದರಿಂದ ಗೈಗರ್ ಟ್ಯೂಬಿಗೆ ಅದು ಕಾಣುವುದೇ ಇಲ್ಲ. ಲೋಹದ ಕವಚವಿಲ್ಲದ ಅಗ್ಗದ ಮೀಟರಿನ ಸರ್ಕ್ಯೂಟು ಪಕ್ಕದಲ್ಲಿರುವ ಫೋನಿನ ಸಿಗ್ನಲ್ಲಿಗೆ ಬೆದರಿ ಸುಳ್ಳು ಎಣಿಕೆ ಕೊಡಬಹುದು, ಅಷ್ಟೇ.

ಮೀಟರಿಗೆ ಕಾಣದ, ಆದರೆ ನಿಜವಾಗಿ ಇರುವ ವಿಕಿರಣದ ವಿಷಯ ಹೆಚ್ಚು ಮುಖ್ಯ. ಆಲ್ಫಾ ಕಣ ಗಾಳಿಯಲ್ಲಿ ನಾಲ್ಕು ಸೆಂಟಿಮೀಟರ್ ಸಾಗುವಷ್ಟರಲ್ಲಿ ನಿಲ್ಲುತ್ತದೆ. ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ತೂಗುವ ಅಭ್ರಕದ ಕಿಟಕಿ ಇದ್ದರೆ ಮಾತ್ರ ಟ್ಯೂಬಿನೊಳಗೆ ಹೋಗುತ್ತದೆ. ಉಕ್ಕಿನ ಗೋಡೆಯ ಎಸ್‌ಬಿಎಂ-20ಕ್ಕೆ ಆಲ್ಫಾ ಇಲ್ಲವೇ ಇಲ್ಲ. ಕಿಟಕಿ ಕೊಳೆಯಾಗದಿರಲೆಂದು ಪ್ಲಾಸ್ಟಿಕ್ ಚೀಲ ತೊಡಿಸಿದರೆ ಆಲ್ಫಾ ಅಲ್ಲಿಗೇ ಮುಗಿಯಿತು. ನ್ಯೂಟ್ರಾನಿಗೆ ಹೀಲಿಯಂ-3 ಇಲ್ಲವೇ ಬೋರಾನ್ ಟ್ರೈಫ್ಲೋರೈಡ್ ತುಂಬಿದ ಟ್ಯೂಬು, ಸುತ್ತ ದಪ್ಪನೆಯ ಪಾಲಿಥೀನ್ ಗಟ್ಟಿ ಬೇಕು. ಎಲ್ಲಕ್ಕಿಂತ ಕಣ್ಣುತಪ್ಪಿಸುವುದು ಟ್ರಿಷಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್. ಅದರ ಬೀಟಾದ ಗರಿಷ್ಠ ಶಕ್ತಿ 18.6 ಕಿಲೋ ಎಲೆಕ್ಟ್ರಾನ್‌ವೋಲ್ಟ್. ಗಾಳಿಯಲ್ಲೇ ಅರ್ಧ ಸೆಂಟಿಮೀಟರಿನಷ್ಟರಲ್ಲಿ ಸೋತುಹೋಗುವ ಇದು ಮಾರುಕಟ್ಟೆಯ ಯಾವ ಗೈಗರ್ ಟ್ಯೂಬಿನ ಗೋಡೆಯನ್ನೂ ದಾಟದು.

2009ರ ನವೆಂಬರಿನಲ್ಲಿ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ ಇದ್ದ ಭಾರಜಲ ಬೆರೆತದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಅದು ಸೇರಿತ್ತು. ಆ ಕೂಲರಿನ ಪಕ್ಕ, ಲೋಟದ ಮೇಲೆ, ಕುಡಿದವರ ಹೊಟ್ಟೆಯ ಮೇಲೆ ಗೈಗರ್ ಕೌಂಟರ್ ಹಿಡಿದಿದ್ದರೂ ಹಿನ್ನೆಲೆಗಿಂತ ಒಂದು ಎಣಿಕೆಯೂ ಹೆಚ್ಚು ಬರುತ್ತಿರಲಿಲ್ಲ. ಅದನ್ನು ಹಿಡಿದುಕೊಟ್ಟದ್ದು ಸಿಬ್ಬಂದಿಯ ವಾಡಿಕೆಯ ಮೂತ್ರ ಪರೀಕ್ಷೆ. ಆ ವಿಧಾನ ಹೀಗೆ: ಮೂತ್ರದ ಕೆಲವು ಮಿಲಿಲೀಟರನ್ನು ಚಿಕ್ಕ ಸೀಸೆಯಲ್ಲಿ ಬೆಳಕು ಹೊಮ್ಮಿಸುವ ದ್ರಾವಣದೊಂದಿಗೆ ಕಲಸುತ್ತಾರೆ, ವಸ್ತು ಮತ್ತು ಪತ್ತೆಗಾರ ಎರಡೂ ಒಂದೇ ದ್ರವದಲ್ಲಿ ಬೆರೆತುಹೋಗುವುದರಿಂದ ಬೀಟಾ ಯಾವ ಗೋಡೆಯನ್ನೂ ದಾಟಬೇಕಿಲ್ಲ. ಪ್ರತಿ ಕಣವೂ ಒಂದು ಕ್ಷೀಣ ಮಿಂಚು. ಸೀಸೆಯ ಎರಡು ಬದಿಯಲ್ಲಿ ಕ್ಷೀಣ ಬೆಳಕನ್ನು ವಿದ್ಯುತ್ ಮಿಡಿತವಾಗಿಸುವ ಎರಡು ಫೋಟೊಮಲ್ಟಿಪ್ಲೈಯರ್‌ಗಳಿದ್ದು, ಎರಡೂ ಒಟ್ಟಿಗೆ ಕಂಡರೆ ಮಾತ್ರ ಎಣಿಕೆಗೆ ಸೇರುತ್ತದೆ. ಇಲ್ಲವಾದರೆ ಅವುಗಳ ಒಳಗಿನ ಗದ್ದಲವೇ ಲೆಕ್ಕಕ್ಕೆ ಬಂದುಬಿಡುತ್ತದೆ. ಕಲಸಿದ ಕೂಡಲೇ ಎಣಿಸಬಾರದು. ಬಿಸಿಲಿಗೆ, ಟ್ಯೂಬ್‌ಲೈಟಿಗೆ ತೆರೆದುಕೊಂಡ ಸೀಸೆ ತಾನಾಗಿ ಮಿನುಗುತ್ತಿರುತ್ತದೆ, ಕೆಲವು ಗಂಟೆ ಕತ್ತಲಲ್ಲಿಟ್ಟು ತಣಿಸಬೇಕು. ಮೂತ್ರದ ಬಣ್ಣವೂ ಬೆಳಕನ್ನು ನುಂಗುತ್ತದೆ, ಅದಕ್ಕೆ ಪ್ರತಿ ಮಾದರಿಗೂ ಬೇರೆ ತಿದ್ದುಪಡಿ. ಇದನ್ನೆಲ್ಲ ಮಾಡುವ ಯಂತ್ರ ಕೋಣೆಯ ಒಂದು ಮೂಲೆಯನ್ನೇ ಹಿಡಿಯುತ್ತದೆ, ಜೇಬಿನಲ್ಲಿ ಬರುವುದಿಲ್ಲ. ಕೈಗಾ ಸುತ್ತಮುತ್ತ ‘ಮೀಟರು ಹಿಡಿದು ನೋಡಿದೆವು, ಏನೂ ಇಲ್ಲ’ ಅಥವಾ ‘ಮೀಟರು ಹಿಡಿದು ನೋಡಿದೆವು, ಇದೆ’ ಎಂದು ಬರುವ ಎರಡೂ ಬಗೆಯ ಹೇಳಿಕೆಗಳು ಟ್ರಿಷಿಯಂ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇನ್ನೊಂದು ತುದಿ ವಿಕಿರಣ ವಿಪರೀತ ಇದ್ದಾಗಿನದು. ಒಂದು ‘ಟಿಕ್’ ಆದ ಮೇಲೆ ಟ್ಯೂಬು ಸುಧಾರಿಸಿಕೊಳ್ಳಲು ಸುಮಾರು 100 ಮೈಕ್ರೋಸೆಕೆಂಡ್ ಬೇಕು. ಇದನ್ನು ಡೆಡ್ ಟೈಮ್ ಎನ್ನುತ್ತಾರೆ. ಆ ನಡುವೆ ಬಂದದ್ದು ಲೆಕ್ಕಕ್ಕಿಲ್ಲ. ಸೆಕೆಂಡಿಗೆ 1,000 ಎಣಿಸಿದಾಗ ನಿಜ 1,111. 5,000 ಎಣಿಸಿದಾಗ ನಿಜ 10,000, ಅಂದರೆ ಅರ್ಧಕ್ಕರ್ಧ ಕಳೆದುಹೋಯಿತು. ಇನ್ನೂ ಮೇಲೆ ಹೋದರೆ ಕಣಗಳು ಟ್ಯೂಬಿಗೆ ಉಸಿರಾಡಲೂ ಬಿಡುವುದಿಲ್ಲ, ಮಿಡಿತಗಳು ಸರ್ಕ್ಯೂಟು ಗುರುತಿಸಲಾರದಷ್ಟು ಸಣ್ಣದಾಗುತ್ತವೆ, ಅಂಕಿ ಇಳಿಯತೊಡಗಿ ಸೊನ್ನೆಗೆ ಬಂದು ನಿಲ್ಲುತ್ತದೆ. ಒಳ್ಳೆಯ ಮೀಟರು ಟ್ಯೂಬಿನ ಮೂಲಕ ಹರಿಯುವ ಕರೆಂಟನ್ನೂ ಗಮನಿಸಿ ‘ಓವರ್‌ಲೋಡ್’ ಎಂದು ಕೂಗುತ್ತದೆ. ಅಗ್ಗದ್ದು ಕೂಗುವುದಿಲ್ಲ. ಕೊಳ್ಳುವ ಮುನ್ನ ಕೈಪಿಡಿಯಲ್ಲಿ ಈ ಒಂದು ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಆ ಮೀಟರು ತುರ್ತು ಕೆಲಸಕ್ಕಲ್ಲ.

ಮೀಟರಿನ ಮಿತಿಯನ್ನೇ ವಿಕಿರಣದ ಪ್ರಮಾಣವೆಂದು ನಂಬಿದ್ದಕ್ಕೆ ಚೆರ್ನೊಬಿಲ್‌ಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1986ರ ಏಪ್ರಿಲ್ 26ರ ರಾತ್ರಿ ಅಲ್ಲಿನ ಸಿಬ್ಬಂದಿಯ ಕೈಯಲ್ಲಿದ್ದ ಮೀಟರುಗಳು ತೋರಿಸಬಲ್ಲ ಗರಿಷ್ಠವೇ ಸೆಕೆಂಡಿಗೆ 1,000 ಮೈಕ್ರೋರಾಂಟ್ಜೆನ್, ಅಂದರೆ ಗಂಟೆಗೆ 3.6 ರಾಂಟ್ಜೆನ್ (ವಿಕಿರಣದ ಹಳೆಯ ಮಾನ). ಮುಳ್ಳು ಕೊನೆಯಲ್ಲಿ ಅಂಟಿಕೊಂಡಿತ್ತು. ಮೇಲಿನವರಿಗೆ ಹೋದ ಅಂಕಿ ಅದೇ 3.6. ಸಿಡಿದ ರಿಯಾಕ್ಟರಿನ ಚೂರುಗಳ ಬಳಿ ನಿಜವಾದ ಮಟ್ಟ ಗಂಟೆಗೆ ಸಾವಿರಾರು ರಾಂಟ್ಜೆನ್ ಇತ್ತು.

ಆಸ್ಪತ್ರೆಗಳಲ್ಲಿ ಇದೇ ದೋಷ ಸದ್ದಿಲ್ಲದೆ ನಡೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಲೀನಿಯರ್ ಆಕ್ಸಿಲರೇಟರ್ ವಿಕಿರಣವನ್ನು ಒಂದೇ ಸಮನೆ ಸುರಿಸುವುದಿಲ್ಲ. ಕೆಲವೇ ಮೈಕ್ರೋಸೆಕೆಂಡ್ ಅವಧಿಯ ಮಿಡಿತಗಳಾಗಿ, ಸೆಕೆಂಡಿಗೆ ನೂರರಿಂದ ನಾನೂರು ಬಾರಿ ಬಿಡುತ್ತದೆ. ಗೈಗರ್ ಟ್ಯೂಬಿನ ಡೆಡ್ ಟೈಮ್ ಆ ಮಿಡಿತಕ್ಕಿಂತ ಉದ್ದ, ಹಾಗಾಗಿ ಒಂದು ಮಿಡಿತದಲ್ಲಿ ಒಂದು ಕಣ ಬರಲಿ ಸಾವಿರ ಬರಲಿ ಎಣಿಕೆ ಒಂದೇ. ಸೆಕೆಂಡಿಗೆ 200 ಮಿಡಿತದ ಯಂತ್ರದ ಗೋಡೆಯಾಚೆ ಗೈಗರ್ ಮೀಟರು ಸೆಕೆಂಡಿಗೆ 200ನ್ನು ದಾಟುವುದೇ ಇಲ್ಲ. ಎಸ್‌ಬಿಎಂ-20 ಬಗೆಯ ಟ್ಯೂಬಿನಲ್ಲಿ ಅದು ಗಂಟೆಗೆ ಸುಮಾರು 80 ಮೈಕ್ರೋಸೀವರ್ಟ್ ಎಂದು ಕಾಣುತ್ತದೆ, ನಿಜ 800 ಇದ್ದರೂ. ಓದಿದ ಎಣಿಕೆ ಯಂತ್ರದ ಮಿಡಿತದ ಸಂಖ್ಯೆಗೆ ಹತ್ತಿರ ಬಂದಿತೆಂದರೆ ಆ ಸರ್ವೆಯನ್ನು ಹರಿದುಹಾಕಿ ಮೊದಲಿನಿಂದ ಮಾಡಬೇಕು. ಸಾಮಾನ್ಯ ಎಕ್ಸ್-ರೇಗೂ ಇದೇ ತೊಡಕು. ಎಕ್ಸ್‌ಪೋಷರ್ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ, ಮೀಟರು ಅಂಕಿ ತೋರಿಸಲು ತೆಗೆದುಕೊಳ್ಳುವುದು ಹಲವು ಸೆಕೆಂಡು. ಬಾಗಿಲ ಹೊರಗೆ ನಿಂತು ‘ಏನೂ ಬರುತ್ತಿಲ್ಲ’ ಎಂದರೆ ಮೀಟರಿಗೆ ನೋಡಲು ಸಮಯ ಸಿಗಲಿಲ್ಲ ಎಂದಷ್ಟೇ ಅರ್ಥ.

ಇಂಥಲ್ಲಿ ಬೇಕಾದದ್ದು ಅಯಾನ್ ಚೇಂಬರ್. ಅದು ಎಣಿಸುವುದಿಲ್ಲ, ಗಾಳಿಯಲ್ಲಿ ಹುಟ್ಟಿದ ಒಟ್ಟು ವಿದ್ಯುದಂಶವನ್ನು ಸಂಗ್ರಹಿಸಿ ಅಳೆಯುತ್ತದೆ, ಕೂಡಿಸುವ ವಿಧಾನಕ್ಕೆ ಹಾಕಿದರೆ ಎಷ್ಟೇ ಕಿರಿದಾದ ಮಿಡಿತವೂ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಕರೆಂಟು ಎಷ್ಟು ಸಣ್ಣದೆಂದರೆ, ಅರ್ಧ ಲೀಟರ್ ಗಾಳಿಯ ಚೇಂಬರಿನಲ್ಲಿ ಗಂಟೆಗೆ 1 ಮಿಲಿಸೀವರ್ಟ್‌ಗೆ ಹುಟ್ಟುವುದು ಸುಮಾರು 5 ಪಿಕೊಆಂಪಿಯರ್, ಆಂಪಿಯರಿನ ಲಕ್ಷ ಕೋಟಿಯಲ್ಲಿ ಐದು ಪಾಲು. ಇನ್ಸುಲೇಟರಿನ ಮೇಲೆ ಬೆರಳಚ್ಚು ಬಿದ್ದರೂ, ಮಂಗಳೂರು-ಕಾರವಾರದ ಮಳೆಗಾಲದ ತೇವ ಹಿಡಿದರೂ ಸೋರಿಕೆಯೇ ಅದಕ್ಕಿಂತ ಹೆಚ್ಚಾಗುತ್ತದೆ. ಒಳಗಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಮೊದಲು ಅದನ್ನು ಬದಲಾಯಿಸಿ ಅಥವಾ ಬಿಸಿಮಾಡಿ ಒಣಗಿಸಿ, ಆಮೇಲೆ ಅಳತೆ. ಎತ್ತರದ ಊರಿನವರು ಮರೆಯುವುದು ಇನ್ನೊಂದಿದೆ. ಹೊರಗಾಳಿಗೆ ತೆರೆದ ಚೇಂಬರಿನಲ್ಲಿ ಅಳತೆಯ ವಸ್ತುವೇ ಗಾಳಿ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ಕಡಿಮೆ. ಸಮುದ್ರಮಟ್ಟದ ಒತ್ತಡಕ್ಕೆ ಕ್ಯಾಲಿಬ್ರೇಟ್ ಮಾಡಿದ ತೆರೆದ ಚೇಂಬರ್ ಇಲ್ಲಿ ತಿದ್ದುಪಡಿ ಇಲ್ಲದೆ ಶೇ 10ರಷ್ಟು ಕಡಿಮೆಯೇ ತೋರಿಸುತ್ತದೆ. ವರದಿಯಲ್ಲಿ ತಾಪಮಾನ-ಒತ್ತಡದ ತಿದ್ದುಪಡಿ ಬರೆದಿದೆಯೇ ಎಂದು ಪರಿಶೀಲಕರು ಕೇಳಬೇಕು.

ಯಾವ ಧಾತು ಎಂದು ತಿಳಿಯಬೇಕಾದರೆ ಹರಳು ಬೇಕು. ಚೂರು ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹರಳಿನಲ್ಲಿ ಗಾಮಾ ಬಿದ್ದರೆ ಅದರ ಶಕ್ತಿಗೆ ತಕ್ಕಷ್ಟು ನೀಲಿ ಬೆಳಕು ಹೊಮ್ಮುತ್ತದೆ. 1948ರಲ್ಲಿ ರಾಬರ್ಟ್ ಹಾಫ್‌ಸ್ಟಾಡ್ಟರ್ ತೋರಿಸಿಕೊಟ್ಟ ಈ ಹರಳು ಇವತ್ತಿಗೂ ಈ ಕೆಲಸದ ಕುದುರೆ. ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಎಂಬ ಗ್ರಾಫಿನಲ್ಲಿ ಸೀಸಿಯಂ 662ರಲ್ಲಿ, ಪೊಟ್ಯಾಸಿಯಂ-40 1,460ರಲ್ಲಿ, ಥೋರಿಯಂ ಸರಣಿಯ ಥ್ಯಾಲಿಯಂ-208 2,614 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಶಿಖರ ಕೊಡುತ್ತವೆ. ಗ್ರಾನೈಟೋ ಬಚ್ಚಿಟ್ಟ ವಿಕಿರಣ ಮೂಲವೋ ಎಂಬುದು ಅಲ್ಲಿ ಬಯಲು. ಹರಳು ತೇವ ಹೀರುತ್ತದೆ, ಅಲ್ಯೂಮಿನಿಯಂ ಡಬ್ಬಿಯ ಸೀಲು ಸಡಿಲವಾದರೆ ಹಳದಿಗಟ್ಟುತ್ತದೆ. ಬಿಸಿಲಲ್ಲಿ ನಿಂತ ಜೀಪಿನಿಂದ ನೇರವಾಗಿ ಎಸಿ ಕೋಣೆಗೆ ತಂದರೆ ಒಳಗೇ ಸೀಳಬಹುದು. ಸೀಸಿಯಂ ಶಿಖರದ ಅಗಲ ಶೇ 7ರ ಆಸುಪಾಸು ಇರಬೇಕಾದದ್ದು 10 ದಾಟಿದರೆ ಅಥವಾ ಶಿಖರವೇ ಎರಡಾಗಿ ಕಂಡರೆ ಹರಳಿಗೆ ಏನೋ ಆಗಿದೆ. ತಾಪಮಾನ ಬದಲಾದಾಗ ಶಿಖರ ಜಾಗ ಬಿಡುವುದು ರೋಗವಲ್ಲ, ಸ್ವಭಾವ. ಕೆಲಸಕ್ಕೆ ಮುನ್ನ ಗೊತ್ತಿರುವ ಮೂಲದಿಂದ ಮತ್ತೆ ಕೂರಿಸಿಕೊಳ್ಳಬೇಕು. ಇದಕ್ಕಿಂತ ಸೂಕ್ಷ್ಮವಾಗಿ ನೋಡುವುದು ದ್ರವ ಸಾರಜನಕದಲ್ಲಿ ತಣಿಸಿದ ಜರ್ಮೇನಿಯಂ, ಅದು ಪ್ರಯೋಗಾಲಯದ ಸೊತ್ತು.

ಗುಜರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಜೀವ ಹೋಗುವುದು ಅಲ್ಲಿ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಗಾಮಾ ಯಂತ್ರವೊಂದು ಮಾಯಾಪುರಿಯ ಗುಜರಿ ಅಂಗಡಿ ಸೇರಿತು. ಕವಚ ಬಿಚ್ಚಿದಾಗ ಕೋಬಾಲ್ಟ್-60 ಹೊರಬಿತ್ತು, ಒಬ್ಬ ಕಾರ್ಮಿಕ ಸತ್ತ, ಹಲವರು ಆಸ್ಪತ್ರೆ ಸೇರಿದರು. ಅದಕ್ಕೂ ಎರಡು ವರ್ಷ ಮೊದಲು, 2008ರಲ್ಲಿ, ಭಾರತದ ಉಕ್ಕಿನಿಂದ ಮಾಡಿದ ಲಿಫ್ಟ್ ಗುಂಡಿಗಳಲ್ಲಿ ಕೋಬಾಲ್ಟ್-60 ಇದ್ದದ್ದು ಫ್ರಾನ್ಸಿನಲ್ಲಿ ಪತ್ತೆಯಾಯಿತು. ಗುಜರಿಯೊಂದಿಗೆ ಮೂಲ ಕುಲುಮೆಗೆ ಬಿದ್ದರೆ ಆಗುವುದು ಇದೇ. ಕುಲುಮೆಯ ಗೇಟಿನಲ್ಲಿ ಲಾರಿಯ ಎರಡೂ ಬದಿಗೆ ಆಳೆತ್ತರದ ಪ್ಲಾಸ್ಟಿಕ್ ಸಿಂಟಿಲೇಟರ್ (ವಿಕಿರಣ ಬಿದ್ದರೆ ಮಿನುಗುವ) ಹಲಗೆಗಳ ತಪಾಸಣಾ ದ್ವಾರ, ಅಂದರೆ ಪೋರ್ಟಲ್ ಇರಬೇಕು. ಆದರೆ ಪೋರ್ಟಲ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಲಾರಿ ಒಳಬರುತ್ತಲೇ ಅದರ ಉಕ್ಕಿನ ರಾಶಿ ನೆಲದ ಹಿನ್ನೆಲೆಯನ್ನು ಮರೆಮಾಡಿ ಎಣಿಕೆ ಕಾಲುಭಾಗದಷ್ಟು ಇಳಿಯಬಹುದು. ಖಾಲಿ ಗೇಟಿನ ಹಿನ್ನೆಲೆಗೆ ಅಲಾರಂ ಕೂರಿಸಿದ್ದರೆ ಆ ಕುಳಿಯಲ್ಲಿ ದುರ್ಬಲ ಮೂಲ ಅಡಗಿಹೋಗುತ್ತದೆ. ಲಾರಿ ನಡಿಗೆಗಿಂತ ಸ್ವಲ್ಪ ವೇಗದಲ್ಲಿ, ಗಂಟೆಗೆ 8 ಕಿ.ಮೀ. ಒಳಗೆ, ನಿಲ್ಲದೆ ದಾಟಬೇಕು. ಸೀಸದ ಗೂಡಿನಲ್ಲಿಯೇ ಉಳಿದ ಮೂಲ, ಲೋಡಿನ ನಟ್ಟನಡುವಿನ ಮೂಲ ತಪ್ಪಿಸಿಕೊಳ್ಳಬಹುದು, ಆದ್ದರಿಂದ ಇಳಿಸುವಾಗ ಕ್ರೇನಿನ ಗ್ರ್ಯಾಪಲ್ ಬಳಿ ಎರಡನೆಯ ಡಿಟೆಕ್ಟರ್ ಬೇಕು. ಇನ್ನು ಪೊಟ್ಯಾಷ್ ಗೊಬ್ಬರ, ಸೆರಾಮಿಕ್ ಟೈಲ್ಸ್, ಕುಲುಮೆಯ ಇಟ್ಟಿಗೆ, ಥೈರಾಯ್ಡ್‌ಗೆ ಅಯೊಡಿನ್-131 ತೆಗೆದುಕೊಂಡು ಬಂದ ಚಾಲಕ ಎಲ್ಲವೂ ಅಲಾರಂ ಬಾರಿಸುತ್ತವೆ. ಹತ್ತು ಬಾರಿ ಸುಮ್ಮನೆ ಬಾರಿಸಿದ ಮೇಲೆ ಕಾವಲುಗಾರ ಸ್ವಿಚ್ ಆರಿಸುತ್ತಾನೆ. ಅದನ್ನು ತಡೆಯುವುದು ಬೈಗುಳದಿಂದಲ್ಲ, ಪಕ್ಕದಲ್ಲೊಂದು ಸೋಡಿಯಂ ಅಯೊಡೈಡ್ ಮೀಟರು ಇಟ್ಟು ಅಲಾರಂ ಯಾವುದರದೆಂದು ಎರಡು ನಿಮಿಷದಲ್ಲಿ ಬಿಡಿಸುವುದನ್ನು ಕಲಿಸುವುದರಿಂದ.

ಸರಿಯಾದ ಡಿಟೆಕ್ಟರ್ ಏನು ಮಾಡಬಲ್ಲದೆಂದು ಆಸ್ಟ್ರೇಲಿಯ ತೋರಿಸಿತು. 2023ರ ಜನವರಿಯಲ್ಲಿ ಗಣಿಯ ಗೇಜ್ ಎಂಬ ಅಳತೆ ಸಾಧನವೊಂದರಿಂದ 8 ಮಿಲಿಮೀಟರ್ ಎತ್ತರ, 6 ಮಿಲಿಮೀಟರ್ ಅಗಲದ ಸೀಸಿಯಂ-137 ಗುಳಿಗೆ 1,400 ಕಿ.ಮೀ. ಹಾದಿಯಲ್ಲೆಲ್ಲೋ ಬಿದ್ದುಹೋಯಿತು. ಗಂಟೆಗೆ 70 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದ ವಾಹನದ ಉಪಕರಣ ಫೆಬ್ರುವರಿ 1ರಂದು ಅದನ್ನು ರಸ್ತೆ ಬದಿಯಿಂದ ಎರಡು ಮೀಟರ್ ಆಚೆ ಕಂಡುಹಿಡಿಯಿತು. ಅಂಥವೇ ಗೇಜ್‌ಗಳು ನಮ್ಮ ಸಿಮೆಂಟ್, ಉಕ್ಕು ಕಾರ್ಖಾನೆಗಳಲ್ಲೂ ಇವೆ.

ದುರಸ್ತಿಯವರಿಗೆ ನಾಲ್ಕು ಮಾತು. ಗೈಗರ್ ಮೀಟರಿನ ಹೈವೋಲ್ಟೇಜನ್ನು ಸಾಮಾನ್ಯ ಮಲ್ಟಿಮೀಟರಿನಿಂದ ಅಳೆಯಬೇಡಿ. ಅದರ 10 ಮೆಗಾಓಮ್ ಒಳರೋಧವೇ ಆ ಬಡಪಾಯಿ ಸಪ್ಲೈಗೆ ಭಾರ. 400 ಇರುವಲ್ಲಿ 150 ಎಂದೇನೋ ತೋರಿಸುತ್ತದೆ. ‘ಕಡಿಮೆಯಾಗಿದೆ’ ಎಂದು ಟ್ರಿಮ್ಮರ್ ತಿರುಗಿಸಿದರೆ ಮಲ್ಟಿಮೀಟರ್ ತೆಗೆದ ಮರುಕ್ಷಣ ಟ್ಯೂಬಿಗೆ 600-700 ಹೊಡೆದು ಅದು ಬಿಡದೆ ಉರಿಯುತ್ತದೆ, ಸಾಯುತ್ತದೆ. 1,000 ಮೆಗಾಓಮ್‌ನ ಪ್ರೋಬ್ ಕಟ್ಟಿಕೊಳ್ಳಿ. ಆನೋಡ್ ರೆಸಿಸ್ಟರ್ ಐದರಿಂದ ಹತ್ತು ಮೆಗಾಓಮ್ ಇದ್ದು ಟ್ಯೂಬಿನ ತಂತಿಗೆ ಅಂಟಿಕೊಂಡಂತೆಯೇ ಇರಬೇಕು, ಕೇಬಲ್ಲಿನ ಆಚೆ ತುದಿಗೆ ಸರಿಸಿದರೆ ಕೇಬಲ್ಲಿನ ಕೆಪ್ಯಾಸಿಟೆನ್ಸ್ ಪ್ರತಿ ಮಿಡಿತದಲ್ಲೂ ಟ್ಯೂಬನ್ನು ಸುಡುತ್ತದೆ. ಹೊಸ ಟ್ಯೂಬ್ ಹಾಕಿದಾಗ ಒಂದು ಸ್ಥಿರ ಮೂಲದ ಎದುರಿಟ್ಟು 20-25 ವೋಲ್ಟ್‌ನಂತೆ ಏರಿಸುತ್ತ ಎಣಿಕೆ ಬರೆದುಕೊಳ್ಳಿ. ಏರಿಕೆ ನಿಂತು ಸಮತಟ್ಟಾದ ಭಾಗದ ನಡುವಿಗಿಂತ ತುಸು ಕೆಳಗೆ ವೋಲ್ಟೇಜ್ ನಿಲ್ಲಿಸಿ. ಸಮತಟ್ಟಿನ ಇಳಿಜಾರು 100 ವೋಲ್ಟಿಗೆ ಶೇ 10ಕ್ಕಿಂತ ಹೆಚ್ಚಿದ್ದರೆ ಟ್ಯೂಬು ಮುದಿಯಾಗಿದೆ. ಅಭ್ರಕದ ಕಿಟಕಿಗೆ ಹುಲ್ಲಿನ ಕಡ್ಡಿ ತಾಗಿದರೂ ತೂತು, ಜಾಲರಿ ತೆಗೆದು ಒರೆಸಲು ಹೋಗಬೇಡಿ. ಆಲ್ಫಾಗೆ ಬಳಸುವ ಜಿಂಕ್ ಸಲ್ಫೈಡ್ ಪ್ರೋಬು ಬಯಲಿಗೆ ಬಂದಾಗ ಹುಚ್ಚೆದ್ದು ಎಣಿಸಿ, ನೆರಳಿಗೆ ಬಂದಾಗ ಶಾಂತವಾದರೆ ಬೆಳಕು ತಡೆಯುವ ಮೈಲಾರ್ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಿದೆ.

ವಿಕಿರಣ ಕೆಲಸಗಾರರು ಎದೆಯ ಮೇಲೆ ಧರಿಸುವ, ಮೈಗೆ ತಗಲಿದ ವಿಕಿರಣವನ್ನು ದಾಖಲಿಸುವ ಟಿಎಲ್‌ಡಿ (ಥರ್ಮೋಲ್ಯೂಮಿನೆಸೆಂಟ್ ಡೋಸಿಮೀಟರ್) ಬ್ಯಾಡ್ಜ್ ಬಗ್ಗೆಯೂ ಹೇಳಬೇಕು. ಒಳಗಿನ ಕಾರ್ಡಿನಲ್ಲಿ ಡಿಸ್ಪ್ರೋಸಿಯಂ ಬೆರೆತ ಕ್ಯಾಲ್ಸಿಯಂ ಸಲ್ಫೇಟಿನ ಮೂರು ಬಿಲ್ಲೆಗಳು. ಒಂದು ಲೋಹದ ಫಿಲ್ಟರಿನ ಕೆಳಗೆ, ಒಂದು ಪ್ಲಾಸ್ಟಿಕ್ಕಿನ ಕೆಳಗೆ, ಒಂದು ಬಯಲಿಗೆ. ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಅವು ಹಿಡಿದಿಟ್ಟ ಶಕ್ತಿಯನ್ನು ಬೆಳಕಾಗಿ ಬಿಡುತ್ತವೆ, ಮೂರರ ಅನುಪಾತದಿಂದ ಬಂದದ್ದು ಬೀಟಾವೋ ಎಕ್ಸ್-ರೇಯೋ ಗಾಮಾವೋ ಎಂದು ತಿಳಿಯುತ್ತದೆ. ಕಾರ್ಡನ್ನು ಹೋಲ್ಡರಿಗೆ ತಿರುವುಮುರುವಾಗಿ ಹಾಕಿದರೆ ಈ ಲೆಕ್ಕವೇ ಕೆಡುತ್ತದೆ. ಸೀಸದ ಏಪ್ರನ್ನಿನ ಒಳಗೆ ಧರಿಸಬೇಕಾದದ್ದನ್ನು ಹೊರಗೆ ಸಿಕ್ಕಿಸುವುದು, ಎಕ್ಸ್-ರೇ ಕೋಣೆಯ ಮೊಳೆಗೆ ನೇತುಹಾಕಿ ಮನೆಗೆ ಹೋಗುವುದು, ಬೇರೊಬ್ಬರಿಗೆ ಕೊಡುವುದು ನಿತ್ಯ ಕಾಣುವ ತಪ್ಪುಗಳು. ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು ಎಂಬ ಮಿತಿಗೆ ಅರ್ಥ ಬರುವುದು ಬ್ಯಾಡ್ಜು ಮೈಮೇಲೆ ಇದ್ದಾಗ. ಮತ್ತು ಅದು ಅಪಾಯದ ಹೊತ್ತಿನಲ್ಲಿ ಎಚ್ಚರಿಸುವ ಸಾಧನವಲ್ಲ, ಆದದ್ದನ್ನು ತಿಂಗಳುಗಳ ನಂತರ ಹೇಳುತ್ತದೆ.

ಪತ್ರಿಕೆಗೆ ನನ್ನ ಕೋರಿಕೆ ಇಷ್ಟು. ವಿಕಿರಣದ ಅಂಕಿ ಅಚ್ಚು ಮಾಡುವಾಗ ಮಾನವನ್ನು ಪೂರ್ತಿ ಬರೆಯಿರಿ; ಮೈಕ್ರೋ ಇದ್ದಲ್ಲಿ ಮಿಲಿ ಬಿದ್ದರೆ ಸಾವಿರ ಪಟ್ಟು ವ್ಯತ್ಯಾಸ. ಡಿಟೆಕ್ಟರ್ ಯಾವ ಬಗೆಯದು, ಎಷ್ಟು ಹೊತ್ತು ಎಣಿಸಿದ್ದು, ಹತ್ತಿರದ ಹಿನ್ನೆಲೆ ಎಷ್ಟು, ಕ್ಯಾಲಿಬ್ರೇಷನ್ ಪ್ರಮಾಣಪತ್ರದ ಅವಧಿ ಇದೆಯೇ ಎಂದು ವರದಿಗಾರರು ಅಧಿಕಾರಿಯನ್ನೂ ಕೇಳಲಿ, ಪ್ರತಿಭಟನಕಾರರನ್ನೂ ಕೇಳಲಿ. ಮೀಟರು ಬದುಕಿದೆಯೇ ಎಂದು ಅಲ್ಲೇ ಪರೀಕ್ಷಿಸಬೇಕಾದರೆ ಗೊಬ್ಬರದಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಸಾಕು. ಅದರ ಪ್ರತಿ ಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು 15 ಪೊಟ್ಯಾಸಿಯಂ-40 ಪರಮಾಣುಗಳು ವಿಘಟಿಸುತ್ತವೆ. ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಟ್ಯೂಬನ್ನು ತಾಗದಷ್ಟು ಹತ್ತಿರ ಹಿಡಿದು ಹತ್ತು ನಿಮಿಷ ಎಣಿಸಿ. ಹಿನ್ನೆಲೆಗಿಂತ ಏರಲಿಲ್ಲವೆಂದರೆ ಆ ಮೀಟರಿನ ಇತರ ಯಾವ ಅಂಕಿಯನ್ನೂ ನಂಬಬೇಡಿ.

ಗುಜರಿ ವ್ಯಾಪಾರಿಗಳು, ಪೊಲೀಸ್ ಸಿಬ್ಬಂದಿ, ಅಗ್ನಿಶಾಮಕ ದಳದವರು ಓದಲೆಂದು ಕೊನೆಯದಾಗಿ ಬರೆಯುವುದು ಇದು. ಮೂರು ದಳದ ಹಳದಿ ಚಿಹ್ನೆ ಇರುವ, ಗಾತ್ರಕ್ಕೆ ಮೀರಿ ಭಾರವಾದ ಲೋಹದ ಪೆಟ್ಟಿಗೆ ಅಥವಾ ಗುಳಿಗೆ ಸಿಕ್ಕಿದರೆ ಮೀಟರನ್ನು ಅದರ ಪಕ್ಕ ಹೋಗಿ ಆನ್ ಮಾಡಬೇಡಿ. ದೂರದಲ್ಲೇ, ಹಿನ್ನೆಲೆ ತೋರಿಸುವಲ್ಲೇ ಆನ್ ಮಾಡಿ, ಶಬ್ದ ಹಾಕಿಕೊಂಡು ನಿಧಾನ ಮುಂದುವರಿಯಿರಿ. ಆಸ್ಟ್ರೇಲಿಯದ ಆ ಗುಳಿಗೆ, 19 ಗಿಗಾಬೆಕೆರೆಲ್‌ನದು (ಸೆಕೆಂಡಿಗೆ 1,900 ಕೋಟಿ ಪರಮಾಣುಗಳು ವಿಘಟಿಸುವಂಥದು), ಒಂದು ಮೀಟರಿನಲ್ಲಿ ಗಂಟೆಗೆ ಸುಮಾರು 1.6 ಮಿಲಿಸೀವರ್ಟ್ ಕೊಡುತ್ತಿತ್ತು. ಹತ್ತು ಮೀಟರಿನಲ್ಲಿ ಅದು ನೂರನೇ ಒಂದು ಭಾಗ, 16 ಮೈಕ್ರೋಸೀವರ್ಟ್. ಏರುತ್ತಿದ್ದ ಅಂಕಿ ಇದ್ದಕ್ಕಿದ್ದಂತೆ ಇಳಿದರೆ ಅಥವಾ ಟಿಕ್ ಸದ್ದು ನಿಂತರೆ ಅದು ಒಳ್ಳೆಯ ಸುದ್ದಿಯಲ್ಲ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಮುಟ್ಟಬೇಡಿ, ಸರಿಸಬೇಡಿ, ನೀರು ಹಾಕಬೇಡಿ. ಅಂಕಿ ಹಿನ್ನೆಲೆಗೆ ಹತ್ತಿರ ಇಳಿಯುವ ದೂರದಲ್ಲಿ ಹಗ್ಗ ಕಟ್ಟಿ ಜನರನ್ನು ಆಚೆ ನಿಲ್ಲಿಸಿ, 112ಕ್ಕೆ ಕರೆ ಮಾಡಿ. ಮೀಟರಿನ ಮಾದರಿ, ತೋರಿಸಿದ ಗರಿಷ್ಠ ಅಂಕಿ, ಅದು ಎಷ್ಟು ದೂರದಲ್ಲಿ ಎಂಬುದನ್ನು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಬಂದ ತಂಡ ಮೊದಲು ಕೇಳುವುದು ಅದನ್ನೇ.

ಇತಿ ತಮ್ಮ ವಿಶ್ವಾಸಿ,
ವಿಕಿರಣ ಮಾಪನ ಕ್ಷೇತ್ರದ ಓದುಗ, ಬೆಂಗಳೂರು